ರಾಜೀನಾಮೆ ಪತ್ರ ಎರಡು ವಾರ ಬ್ಯಾಗಲ್ಲೇ ಇರಲಿ

ಹಾಸನದಿಂದ ಅಣ್ಣನ ಮಗಳು ಫೋನ್ ಮಾಡಿದಳು. "ಅತ್ತೆ, ರಾಜೀನಾಮೆ ಬರೆದಿಟ್ಟಿದ್ದೀನಿ. ನಾಳೆ ಕೊಟ್ಟುಬಿಡ್ತೀನಿ."

"ಕೊಡು, ಬೇಡ ಅನ್ನಲ್ಲ. ಎರಡು ವಾರ ಬ್ಯಾಗಲ್ಲೇ ಇರಲಿ" ಅಂದೆ. ಆರು ವರ್ಷದ ಹಿಂದೆ ನನ್ನ ಬ್ಯಾಗಲ್ಲೂ ಅಂಥದ್ದೊಂದು ಪತ್ರ ಇತ್ತು. ಅವಳಿಗೆ ಹೇಳಿಕೊಟ್ಟಿದ್ದನ್ನೇ ಇಲ್ಲಿ ಬರೆಯುತ್ತಿದ್ದೇನೆ.

ನಾನು ಚಿಕ್ಕಮಗಳೂರಿನ ಒಂದು ಕಾಫಿ ಕ್ಯೂರಿಂಗ್ ವರ್ಕ್ಸ್‌ನಲ್ಲಿ, ಅಂದರೆ ಒಣಗಿದ ಕಾಫಿಯ ಸಿಪ್ಪೆ ಬಿಡಿಸಿ ಬೀಜ ವಿಂಗಡಿಸುವ ಕಾರ್ಖಾನೆಯಲ್ಲಿ, ಸ್ಯಾಂಪಲ್ ರೂಮಿನವಳು. ಬೆಳೆಗಾರರು ತಂದ ಲಾಟ್‌ನಿಂದ ಒಂದಿಷ್ಟು ತೆಗೆದು, ತೇವಾಂಶ ನೋಡಿ, ಸಿಪ್ಪೆ ಬಿಡಿಸಿ, ಕಪ್ಪು ಬೀಜ, ಚೂರು, ಹುಳ ಕೊರೆದದ್ದು ಬೇರೆ ಮಾಡಿ ಔಟ್‌ಟರ್ನ್, ಅಂದರೆ ಎಷ್ಟು ಬೀಜ ಸಿಕ್ಕಿತು ಅನ್ನುವ ಲೆಕ್ಕ, ಚೀಟಿಯಲ್ಲಿ ಬರೆಯಬೇಕು. 50 ಕೆ.ಜಿ. ಚೆರ್ರಿ (ಸಿಪ್ಪೆ ಸಮೇತ ಒಣಗಿಸಿದ ಕಾಫಿ ಹಣ್ಣು) ಚೀಲದಲ್ಲಿ ಬೀಜ ಸಿಗುವುದು ಹೆಚ್ಚುಕಮ್ಮಿ ಅರ್ಧ. ಅದರಲ್ಲಿ ಒಂದು ಕೆ.ಜಿ. ಕಮ್ಮಿಯಾದರೂ ಸಿಟ್ಟೆಲ್ಲ ನಮ್ಮ ಚೀಟಿಯ ಮೇಲೆ.

ಮೊದಲು ಒಂದು ನೋಟ್‌ಬುಕ್ ತೆಗೆದುಕೊಳ್ಳಿ. ದಿನಾ ಸಂಜೆ ಮೂರೇ ಸಾಲು: ಇವತ್ತು ಯಾವ ಕೆಲಸ ಮುಂದೆ ಹೋಯಿತು, ಯಾವುದು ಎಲ್ಲಿ ನಿಂತಿತು, ಆಗ ಮನಸ್ಸು ಹೇಗಿತ್ತು. ನಾನು ಆಲ್ದೂರು ಬಸ್ಸಿನಲ್ಲಿ ಬರೆಯುತ್ತಿದ್ದೆ, ಅಕ್ಷರ ಕೋಳಿ ಕಾಲು. ಅವತ್ತವತ್ತೇ ಬರೆಯಿರಿ. ಶನಿವಾರ ಬೈಸಿಕೊಂಡರೆ ಇಡೀ ವಾರವೇ ಕೆಟ್ಟದಾಗಿತ್ತು ಅನ್ನಿಸಿಬಿಡುತ್ತದೆ.

ಟೆರೇಸಾ ಅಮಬಿಲೆ ಅನ್ನುವ ಅಮೆರಿಕದ ಮನಶ್ಶಾಸ್ತ್ರಜ್ಞೆ ಮತ್ತು ಜೊತೆಯವರು 7 ಕಂಪನಿಗಳ 238 ಜನರಿಂದ ಹೀಗೇ ದಿನಚರಿ ಬರೆಸಿದರು. ಸುಮಾರು 12,000 ದಿನಚರಿ ಟಿಪ್ಪಣಿಗಳಾದವು. ಒಳ್ಳೆಯ ದಿನ ಅಂತ ಜನ ಬರೆದ ದಿನಗಳಲ್ಲಿ ಜಾಸ್ತಿ ಕಂಡಿದ್ದು ಹೊಗಳಿಕೆಯೂ ಅಲ್ಲ, ಬೋನಸ್ಸೂ ಅಲ್ಲ. ಅರ್ಥ ಇರುವ ಕೆಲಸ ಚೂರಾದರೂ ಮುಂದೆ ಹೋಗಿತ್ತು, ಅಷ್ಟೇ.

ನನ್ನ ಲೆಕ್ಕ ಪೂರ್ತಿ ತಲೆಕೆಳಗಾಯಿತು. ಜನವರಿಯಲ್ಲಿ ಗೇಟಿನಾಚೆವರೆಗೂ ಲಾರಿ ನಿಂತ ದಿನಗಳೇ ನನಗೆ ಕಷ್ಟ ಅಂದುಕೊಂಡಿದ್ದೆ. ಪುಸ್ತಕ ನೋಡಿದರೆ ಆ ದಿನಗಳಲ್ಲಿ ಚೆನ್ನಾಗೇ ಇದ್ದೆ. ಕೆಟ್ಟ ದಿನಗಳು ಬೇರೆ. ಮಧ್ಯಾಹ್ನಕ್ಕೇ ಮುಗಿಸಿದ ಚೀಟಿಗಳು ಮೇಲಿನವರ ಸಹಿಗೆ ಕಾಯುತ್ತಾ ಕೂತ ದಿನ. ಬೆಳೆಗಾರರು "ಯಾಕಮ್ಮ ಇಷ್ಟು ಕಮ್ಮಿ?" ಅಂದರೆ "ಮೇಲೆ ಕೇಳಿ" ಅಂತ ಮುಖ ತಗ್ಗಿಸಿದ ದಿನ.

ಎರಡು ವಾರ ಆದ ಮೇಲೆ ಕೆಂಪು, ನೀಲಿ ಪೆನ್ನು ಹಿಡಿದು ಕೂರಿ. ಸಂಬಳ, ಶಿಫ್ಟ್, ಮೇಲಧಿಕಾರಿಯ ಕಾಟಕ್ಕೆ ಕೆಂಪು ಗೆರೆ. ಕೆಲಸದ ಒಳಗಿನ ತೊಂದರೆಗೆ ನೀಲಿ. ಈ ವಿಂಗಡಣೆ ಅಮೆರಿಕದ ಮನಶ್ಶಾಸ್ತ್ರಜ್ಞ ಫ್ರೆಡರಿಕ್ ಹರ್ಜ್‌ಬರ್ಗ್ ಅವರದು. 1950ರ ದಶಕದಲ್ಲಿ ಪಿಟ್ಸ್‌ಬರ್ಗ್ ಕಡೆಯ ಸುಮಾರು 200 ಎಂಜಿನಿಯರ್, ಅಕೌಂಟೆಂಟ್‌ಗಳನ್ನು ಮಾತಾಡಿಸಿ, ಬೇಸರ ತರುವ ಕಾರಣಗಳೇ ಬೇರೆ, ಖುಷಿ ಕೊಡುವವೇ ಬೇರೆ ಅಂದರು. ಜನ ಹೇಳಿದ ಕಾರಣವನ್ನು ಹಾಗೇ ನಂಬುವುದು ಹೇಗೆ ಅಂತ ಇದನ್ನು ಒಪ್ಪದವರೂ ಇದ್ದಾರೆ. ಕೆಲಸ ಚೆನ್ನಾಗಾದರೆ ನನ್ನಿಂದ, ಕೆಟ್ಟರೆ ಮ್ಯಾನೇಜರ್‌ನಿಂದ ಅಂತ ಎಲ್ಲರೂ ಹೇಳ್ತೀವಿ, ಅಲ್ವಾ? ಆದರೂ ಗೆರೆ ಎಳೆಯಲು ಸಾಕು. ಪುಟವೆಲ್ಲ ಕೆಂಪಾದರೆ ಮನಸ್ಸು ಬದಲಾಯಿಸಿಕೊಳ್ಳಿ ಅನ್ನುವ ಉಪದೇಶ ಕೇಳಬೇಡಿ. ಸಂಬಳ ಕೇಳಿ, ಇಲ್ಲವೇ ಬೇರೆ ಕಡೆ ನೋಡಿ.

ನೀಲಿ ಜಾಸ್ತಿ ಇದ್ದರೆ ಕೆಲಸದ ಒಂದೇ ಒಂದು ತುಂಡನ್ನು ಬದಲಾಯಿಸಿ ನೋಡಿ. ಏಮಿ ರೆಜ್ನೆಸ್ಕಿ, ಜೇನ್ ಡಟನ್ ಅನ್ನುವ ಅಮೆರಿಕದ ಸಂಶೋಧಕಿಯರು ಆಸ್ಪತ್ರೆಯ ಕ್ಲೀನಿಂಗ್ ಕೆಲಸದವರನ್ನು ಮಾತಾಡಿಸಿದ್ದರು. ಅದರ ಬಗ್ಗೆ 2001ರಲ್ಲಿ ಬರೆದರು. ಒಂದೇ ಕೆಲಸ. ಕೆಲವರಿಗೆ ಅದು ಬರೀ ಗುಡಿಸಿ ಒರೆಸುವುದು. ಇನ್ನು ಕೆಲವರು ರೋಗಿಗಳನ್ನು ಮಾತಾಡಿಸುತ್ತಿದ್ದರು, ದಾರಿ ತಪ್ಪಿದವರನ್ನು ಕರೆದೊಯ್ಯುತ್ತಿದ್ದರು. ಯಾರೂ ಹೇಳಿದ್ದಲ್ಲ.

ನಾನು ಮ್ಯಾನೇಜರ್ ಹತ್ತಿರ ಕೇಳಿದ್ದು ಇಷ್ಟೇ: "ಸರ್, ಒಂದು ತಿಂಗಳು ಔಟ್‌ಟರ್ನ್ ಅನ್ನು ಬೆಳೆಗಾರರಿಗೆ ನಾನೇ ವಿವರಿಸ್ತೀನಿ." ಒಂದು ತಿಂಗಳು ಅಂದರೆ ಯಾರೂ ಬೇಡ ಅನ್ನಲ್ಲ, ಈ ಉಪಾಯ ನೆನಪಿಡಿ. ತಟ್ಟೆಯಲ್ಲಿ ಕಪ್ಪು ಬೀಜ ಒಂದು ಕಡೆ, ಚೂರು ಒಂದು ಕಡೆ ಹರವಿ ತೋರಿಸತೊಡಗಿದೆ. ಕೂಗಾಡುತ್ತಾ ಬಂದ ಹಿರಿಯರೊಬ್ಬರು ತಟ್ಟೆಯನ್ನೇ ನೋಡುತ್ತಾ ನಿಂತರು. "ಇದು ಮಳೆ ಬಂದಾಗ ಕಣದಲ್ಲೇ ಉಳಿದಿದ್ದಮ್ಮ" ಅಂದರು. ಮುಂದಿನ ವರ್ಷ ನೆನೆದದ್ದನ್ನು ಬೇರೆ ಚೀಲ ಮಾಡಿ ತಂದಿದ್ದರು. ಆ ಚೀಟಿ ಬರೆಯುವಾಗ ಆದ ಖುಷಿ ಯಾವ ಇನ್‌ಕ್ರಿಮೆಂಟ್ ಬಂದಾಗಲೂ ಆಗಿರಲಿಲ್ಲ. ಸಹಿಗೆ ಕಾಯುವುದು ಮಾತ್ರ ಇವತ್ತಿಗೂ ತಪ್ಪಿಲ್ಲ.

ಬೇರೆ ಕೆಲಸ ಹುಡುಕುವುದೇ ಆದರೆ ಮನೆಯವರನ್ನು, ದಿನಾ ಸಿಗುವ ಗೆಳೆಯರನ್ನು ಕೊನೆಗೆ ಕೇಳಿ. ಸಮಾಜಶಾಸ್ತ್ರಜ್ಞ ಮಾರ್ಕ್ ಗ್ರಾನೊವೆಟರ್ 1973ರಲ್ಲಿ ಇದನ್ನು ಬರೆದರು. ಪರಿಚಯದಿಂದ ಕೆಲಸ ಸಿಕ್ಕವರಲ್ಲಿ ಆ ಪರಿಚಯದವರನ್ನು ಆಗಾಗ ಭೇಟಿಯಾಗುತ್ತಿದ್ದವರು ಶೇ. 17ರಷ್ಟೇ. ಉಳಿದವರಿಗೆಲ್ಲ ಆಗೊಮ್ಮೆ ಈಗೊಮ್ಮೆ, ಇಲ್ಲವೇ ಅಪರೂಪಕ್ಕೆ ಸಿಗುವವರಿಂದ ಸುದ್ದಿ ಬಂದಿತ್ತು. ನಮ್ಮಣ್ಣನಿಗೆ ಗೊತ್ತಿರುವ ಕೆಲಸ ನನಗೂ ಗೊತ್ತೇ ಇರುತ್ತದಲ್ಲ.

ಮೊನ್ನೆ ಹುಡುಗಿ ಮತ್ತೆ ಫೋನ್ ಮಾಡಿದಳು. "ಅತ್ತೆ, ಒಂಬತ್ತು ದಿನ ಆಯ್ತು. ಏಳು ಕೆಂಪು."

"ಇನ್ನೈದು ದಿನ ಬರಿ. ಅಷ್ಟರಲ್ಲಿ ಆ ಹಳೇ ಹಾಸ್ಟೆಲ್ ಹುಡುಗಿ ಇದ್ದಳಲ್ಲ, ಅವಳಿಗೊಂದು ಮೆಸೇಜ್ ಹಾಕು. ಪತ್ರದಲ್ಲಿ ತಾರೀಕು ತಿದ್ದೋದು ಮರೀಬೇಡ" ಅಂದೆ.