ಉದುರಡಕೆ ಮೊದಲು ಎಣಿಸಿ: ಫೇಜ್ ಹಿಡಿದು ಪ್ರೋಟಿಯೇಸಿನ ರುಚಿ ಕಂಡುಹಿಡಿಯುವುದು

ಶಿರಸಿಯ ನಮ್ಮ ತೋಟದಲ್ಲಿ ಅಡಕೆ ಕೊನೆ ಕೊಯ್ಯುವ ಕೊನೆಗೌಡ ಮರ ಹತ್ತುವ ಮೊದಲೇ ಅಮ್ಮ ಬುಡದ ಉದುರಡಕೆ ಹೆಕ್ಕಿಸುತ್ತಿದ್ದಳು. ತಾನಾಗಿ ಬಿದ್ದದ್ದು, ಕೊಯ್ದು ಬಿದ್ದದ್ದು ಬೆರೆಯಬಾರದು. ಬ್ಯಾಕ್ಟೀರಿಯಾದ ಪ್ರೋಟಿಯೇಸ್ (ಪ್ರೋಟೀನ್ ಕತ್ತರಿಸುವ ಕಿಣ್ವ) ಯಾವ ಅಮೈನೋ ಆಮ್ಲಗಳ ಸಾಲನ್ನು ಕತ್ತರಿಸುತ್ತದೆ ಎಂದು ಹುಡುಕುವಾಗಲೂ ಲೆಕ್ಕ ಅದೇ.

ಫೇಜ್ ಎಂದರೆ ಬ್ಯಾಕ್ಟೀರಿಯಾವನ್ನು ಹೊಗುವ ವೈರಸ್. ಎಂ13 ಫೇಜ್‌ನ ತುದಿಯಲ್ಲಿ ಪಿ3 ಪ್ರೋಟೀನ್ ಇರುತ್ತದೆ. ಅದಕ್ಕೆ ಆರು ಅಮೈನೋ ಆಮ್ಲಗಳ ಸಾಲು ಜೋಡಿಸಿ, ಅದರ ಹೊರತುದಿಗೆ ನಿಕಲ್‌ಗೆ ಅಂಟುವ ಹಿಸ್ಟಿಡಿನ್ ಟ್ಯಾಗ್ ಹಾಕಿ. ಸಾಲು ಒಂದೊಂದು ಫೇಜ್‌ನಲ್ಲಿ ಒಂದೊಂದು ಥರ. ಒಟ್ಟು 6.4 ಕೋಟಿ ಸಾಲುಗಳು ಸಾಧ್ಯ. ಎನ್‌ಎನ್‌ಕೆ ಕೋಡಾನ್ (ಮೂರನೇ ಅಕ್ಷರ ಜಿ ಅಥವಾ ಟಿ ಮಾತ್ರ) ಬಳಸಿದರೆ ಡಿಎನ್‌ಎ ಲೆಕ್ಕದಲ್ಲಿ 107 ಕೋಟಿ. ಸಣ್ಣ ಲೈಬ್ರರಿ (ಇಂಥ ಫೇಜ್‌ಗಳ ಗುಂಪು) ಕಟ್ಟಿ ಎಲ್ಲ ಸಾಲೂ ಸಿಕ್ಕಿತು ಅಂದುಕೊಳ್ಳಬೇಡಿ.

ಫೇಜ್‌ಗಳನ್ನು ನಿಕಲ್ ಮಣಿಗಳಿಗೆ ಕಟ್ಟಿ ಚೆನ್ನಾಗಿ ತೊಳೆಯಿರಿ. ಆಮೇಲೆ ಪ್ರೋಟಿಯೇಸ್ ಹಾಕಿ. ಸಾಲು ಕಡಿದರೆ ಟ್ಯಾಗ್ ಮಣಿಯಲ್ಲೇ ಉಳಿದು ಫೇಜ್ ಕಳಚುತ್ತದೆ. ಮಾಮೂಲಿ ಫೇಜ್ ಡಿಸ್‌ಪ್ಲೇಯಲ್ಲಿ (ಫೇಜ್ ಮೈಮೇಲೆ ಸಾಲು ತೋರಿಸಿ ಹುಡುಕುವ ವಿಧಾನ) ಅಂಟಿಕೊಂಡದ್ದು ಬೇಕು, ಇಲ್ಲಿ ಕಳಚಿ ನೀರಿಗೆ ಬಂದದ್ದು ಬೇಕು. 1993ರಲ್ಲಿ ಮ್ಯಾಥ್ಯೂಸ್ ಮತ್ತು ವೆಲ್ಸ್ ತೋರಿಸಿದ ಉಪಾಯ ಇದು.

ಪಕ್ಕದಲ್ಲೇ ಇನ್ನೊಂದು ಟ್ಯೂಬ್ ಇಡಿ. ಅದೇ ಮಣಿ, ಅದೇ ಹೊತ್ತು, ಪ್ರೋಟಿಯೇಸ್ ಮಾತ್ರ ಇಲ್ಲ. ಅದರಲ್ಲಿ ಬಿದ್ದದ್ದು ನಿಮ್ಮ ಉದುರಡಕೆ. ಎರಡನ್ನೂ ಇ. ಕೋಲಿ ಬ್ಯಾಕ್ಟೀರಿಯಾದ ಜೊತೆ ಪ್ಲೇಟ್ ಮಾಡಿ ಎಣಿಸಿ. ಮೊದಲ ಸುತ್ತಿನಲ್ಲಿ ವ್ಯತ್ಯಾಸ ಜಾಸ್ತಿ ಕಾಣದಿದ್ದರೆ ಗಾಬರಿ ಬೇಡ. ಮೂರನೇ ಸುತ್ತಿಗೂ ಕಾಣದಿದ್ದರೆ ಮಾತ್ರ ಚಿಂತೆ ಮಾಡಿ. ಪ್ರೋಟಿಯೇಸ್ ಪಿ3ಯನ್ನೇ ಕಡಿದರೆ ಫೇಜ್‌ಗೆ ಇ. ಕೋಲಿಯನ್ನು ಹೊಗಲು ಆಗುವುದಿಲ್ಲ. ಅದನ್ನೂ ಮೊದಲೇ ಪರೀಕ್ಷಿಸಿಕೊಳ್ಳಿ.

ನಾನು ಕೆಟ್ಟದ್ದು ಸ್ಯೂಡೊಮೊನಾಸ್ ಎಲಾಸ್ಟೇಸ್ ಮಾಡುವಾಗ. ಅದು ಸತುವಿನ ಕಿಣ್ವ. ನಿಲ್ಲಿಸಲು ಲೋಹ ಹಿಡಿಯುವ ಇಡಿಟಿಎ ಸಾಕು ಎಂದು ಸೀದಾ ಮಣಿ ಇದ್ದ ಟ್ಯೂಬಿಗೇ ಸುರಿದೆ. ಇಡಿಟಿಎ ನಿಕಲ್ಲನ್ನೂ ಕಿತ್ತುಕೊಂಡು ಹೋಯಿತು, ಕಡಿಯದ ಫೇಜ್‌ಗಳೆಲ್ಲ ಉದುರಿದವು. ಪ್ಲೇಟಿನಲ್ಲಿ ಎಷ್ಟು ಚೆಂದದ ಬೆಳೆ ಅಂತೀರಿ! ಮೊದಲು ನೀರನ್ನು ಬೇರೆ ಟ್ಯೂಬಿಗೆ ತೆಗೆದುಕೊಳ್ಳಿ, ಇಡಿಟಿಎ ಆಮೇಲೆ.

ಸಿಕ್ಕ ಫೇಜ್‌ಗಳನ್ನು ಎಫ್ ಪಿಲಸ್ (ಎಂ13 ಹೊಗಲು ಹಿಡಿಯುವ ಕೂದಲಿನಂಥ ಎಳೆ) ಇರುವ ಇ. ಕೋಲಿಯಲ್ಲಿ ರಾತ್ರಿಯಿಡೀ ಬೆಳೆಸಿ, ಮುಂದಿನ ಸುತ್ತಿಗೆ ಬಳಸಿ. ನಮ್ಮ ಮಳೆಗಾಲದಲ್ಲಿ ಕರೆಂಟ್ ನಂಬಿ ಶೇಕರ್ ಹಚ್ಚಬೇಡಿ, ಇನ್ವರ್ಟರ್ ಇರಲಿ. ಪ್ರತಿ ಸುತ್ತಿಗೂ ಪ್ರೋಟಿಯೇಸ್ ಮತ್ತು ಸಮಯ ಎರಡನ್ನೂ ಕಡಿಮೆ ಮಾಡುತ್ತ ಹೋಗಿ.

ಹೊಸಬರು ಸ್ಟ್ಯಾಫಿಲೊಕಾಕಸ್ ಆರಿಯಸ್‌ನ ವಿ8 ಪ್ರೋಟಿಯೇಸಿನಿಂದ ಶುರು ಮಾಡುವುದು ಒಳ್ಳೆಯದು. ಅದು ಗ್ಲುಟಾಮೇಟ್ ಆದಮೇಲೆ ಕಡಿಯುತ್ತದೆ. ಕೊನೆಗೆ ಸಿಕ್ಕ ಫೇಜ್‌ಗಳ ಡಿಎನ್‌ಎ ಓದಿಸಿದಾಗ ಸೀಕ್ವೆನ್ಸ್‌ಗಳಲ್ಲಿ ಗ್ಲುಟಾಮೇಟ್ ತುಂಬಿ ಬರದಿದ್ದರೆ ತಪ್ಪು ನಿಮ್ಮ ಮಣಿಯಲ್ಲೋ ತೊಳೆಯುವುದರಲ್ಲೋ ಇದೆ. ಇನ್ನು, ಸೀಕ್ವೆನ್ಸ್ ಸಾಲನ್ನಷ್ಟೇ ಹೇಳುತ್ತದೆ, ಕಡಿದ ಜಾಗವನ್ನಲ್ಲ. ಆ ಪೆಪ್ಟೈಡ್ ಮಾಡಿಸಿ, ಪ್ರೋಟಿಯೇಸ್ ಹಾಕಿ, ತುಂಡುಗಳನ್ನು ಮಾಸ್ ಸ್ಪೆಕ್‌ನಲ್ಲಿ ತೂಗಿಸಿ.