ಬಲಭುಜ, ಸ್ಪ್ರಿಂಗ್ ತಕ್ಕಡಿ ಮತ್ತು ನನ್ನ ಎಸ್ಟೀಮ್

"ಭುಜದ ಕೀಲನ್ನೇ ಬದಲಾಯಿಸಿಕೊಂಡ ಮೇಲೆ ಆಟೋಕ್ರಾಸ್ ಆಸೆ ಬಿಟ್ಟುಬಿಡಿ" ಅಂತ ನನಗೆ ಹೇಳದವರು ಮಂಡ್ಯದಲ್ಲಿ ಯಾರೂ ಉಳಿದಿರಲಿಲ್ಲ. ಆಟೋಕ್ರಾಸ್ ಅಂದರೆ ಮೈದಾನದಲ್ಲಿ ಗುರುತು ಹಾಕಿದ ದಾರಿಯಲ್ಲಿ ಕಾರು ಓಡಿಸಿ, ಯಾರು ಕಮ್ಮಿ ಸಮಯದಲ್ಲಿ ಮುಗಿಸಿದರು ಅಂತ ನೋಡುವ ಸ್ಪರ್ಧೆ. ಡಾಕ್ಟರು ಹೇಳಿದರು, ಮನೆಯವಳು ಹೇಳಿದಳು, ನನ್ನ ಮೋಟಾರ್ ರಿವೈಂಡಿಂಗ್ ಅಂಗಡಿಗೆ ಪಂಪ್‌ಸೆಟ್ ತರುವ ರೈತರೂ ಹೇಳಿದರು. ನನ್ನ ಕಾರು ಮಾರುತಿ ಎಸ್ಟೀಮ್. ಗ್ಯಾರೇಜಿನ ಗೆಳೆಯನೊಬ್ಬ, "ಅಣ್ಣೋ, ಸುಮ್ನೆ ಆ ಎಸ್ಟೀಮ್ ನಂಗೆ ಕೊಟ್ಬುಡು, ಎಂಬತ್ತು ಸಾವ್ರ ಕೊಡ್ತೀನಿ" ಅಂದಿದ್ದ. ಅದಕ್ಕೆ ಕೇಜ್ (ಕಾರು ಉರುಳಿದರೆ ಕಾಯುವ ಪೈಪಿನ ಚೌಕಟ್ಟು) ಹಾಕಿಸಿದ್ದಕ್ಕೇ ಅಷ್ಟು ಖರ್ಚಾಗಿದೆ. ಹೋದ ಸೀಸನ್‌ನಲ್ಲಿ ಮೈಸೂರಿನ ಲಲಿತಮಹಲ್ ಹತ್ತಿರದ ಮೈದಾನದಲ್ಲಿ ಅದೇ ಎಸ್ಟೀಮ್‌ನಲ್ಲಿ ಅವನಿಗಿಂತ ಎರಡು ಸೆಕೆಂಡಿನಷ್ಟು ಮುಂಚೆ ಮುಗಿಸಿದೆ. ಅವತ್ತಿನಿಂದ ಎಲ್ಲರೂ ಹೇಗೆ, ಹೇಗೆ ಅಂತ ಕೇಳುತ್ತಿದ್ದಾರೆ. ಅದಕ್ಕೇ ಬರೆಯೋಕೆ ಕೂತೆ.

ಕಾರಿನ ವಿಷಯ ಆಮೇಲೆ. ಮೊದಲು ಭುಜದ ಬಗ್ಗೆ ಎರಡು ಮಾತು. ಹಿಂದೆ ಯಾವಾಗಲೋ ಬೈಕಿನಿಂದ ಬಿದ್ದಾಗ ಬಲಭುಜದ ಒಳಗಿನ ಸ್ನಾಯುಗಳು ಹರಿದಿದ್ದವು. ಆಮೇಲೆ ಕೀಲು ಸವೆಯುತ್ತಾ ಬಂತು. ಕೊನೆಕೊನೆಗೆ ಬಲಮಗ್ಗುಲಿಗೆ ಮಲಗೋಕೂ ಆಗುತ್ತಿರಲಿಲ್ಲ. 2022ರ ಕೊನೆಯಲ್ಲಿ ಮೈಸೂರಿನಲ್ಲಿ ರಿವರ್ಸ್ ಶೋಲ್ಡರ್ ಹಾಕಿಸಿಕೊಂಡೆ. ಇದರಲ್ಲಿ ಗುಂಡು ಇರುವ ಕಡೆ ಬಟ್ಟಲು, ಬಟ್ಟಲು ಇರುವ ಕಡೆ ಗುಂಡು. ಫ್ರಾನ್ಸಿನ ಪೌಲ್ ಗ್ರಾಮೋಂ ಅನ್ನುವ ಸರ್ಜನ್ 1980ರ ದಶಕದಲ್ಲಿ ಈಗಿನ ರೂಪಕ್ಕೆ ತಂದದ್ದಂತೆ. ಹರಿದ ಸ್ನಾಯುಗಳ ಕೆಲಸವನ್ನು ಭುಜದ ಹೊರಗಿನ ದಪ್ಪ ಡೆಲ್ಟಾಯ್ಡ್ ಸ್ನಾಯು ಮಾಡುತ್ತದೆ. ನೋವು ಹೋಗುತ್ತದೆ, ಕೈ ಮೇಲೇಳುತ್ತದೆ. ಆದರೆ ಕೈಯನ್ನು ಹೊರಕ್ಕೆ ತಿರುಗಿಸುವ ಬಲ ಕಮ್ಮಿ. ಇನ್ನೊಂದು, ಕೈ ಬೆನ್ನ ಹಿಂದೆ ಹೋಗಿರುವಾಗ ಅದರ ಮೇಲೆ ಮೈಭಾರ ಬಿಟ್ಟರೆ ಕೀಲು ತಪ್ಪಬಹುದು. ನಮ್ಮ ಕಾರುಗಳಲ್ಲಿ ಗೇರ್ ಇರೋದು ಎಡಕ್ಕೆ. ಗೇರ್ ಹಾಕುವಾಗ ಸ್ಟಿಯರಿಂಗ್ ಹಿಡಿದುಕೊಳ್ಳೋದು ಬಲಗೈ ಒಂದೇ. ಮಾಮೂಲಿ ಬೆಲ್ಟ್ ಬರೋದೂ ಬಲಭುಜದ ಮೇಲೇ, ನೇರವಾಗಿ ಹೊಲಿಗೆಯ ಗುರುತಿನ ಮೇಲೆ. ಎಡಭುಜ ಕೆಟ್ಟಿದ್ದರೆ ಅರ್ಧ ತಲೆನೋವು ತಪ್ಪುತ್ತಿತ್ತು.

ದುಡ್ಡಿನ ವಿಷಯ. ಆಸ್ಪತ್ರೆ ಬಿಲ್ ನಾಲ್ಕೂವರೆ ಲಕ್ಷದ ಹತ್ತಿರ. ಅದರಲ್ಲಿ ಅರ್ಧದಷ್ಟು ಇಂಪ್ಲಾಂಟಿನದ್ದೇ, ಅಂದರೆ ಕೃತಕ ಕೀಲಿನದ್ದೇ. ವಿಮೆ ಕಂಪನಿಯವರು ಎಲ್ಲಿಂದಲೋ ನನ್ನ ರೇಸಿಂಗ್ ಫೋಟೋ ಹುಡುಕಿ ತೆಗೆದು, ಕ್ಲೇಮ್ ಕೊಡಲ್ಲ ಅಂದರು. ನಿಮ್ಮ ಪಾಲಿಸಿ ತೆಗೆದು ನೋಡಿ, ಯಾವುದಕ್ಕೆ ದುಡ್ಡು ಕೊಡಲ್ಲ ಅನ್ನುವ ಪಟ್ಟಿಯಲ್ಲಿ ಮೋಟಾರ್ ರೇಸಿಂಗ್ ಅಂತ ಹೆಸರು ಹಾಕಿಯೇ ಬರೆದಿರುತ್ತಾರೆ. ಆದರೆ ಅದೇ ಸಾಲಿನಲ್ಲಿ "ವೃತ್ತಿಪರರಾಗಿ ಭಾಗವಹಿಸಿದ್ದರೆ" ಅನ್ನುವ ಅರ್ಥದ ಮಾತೂ ಇರುತ್ತೆ. ನಾನು ಅದರ ಕೆಳಗೆ ಗೆರೆ ಎಳೆದು, ಎಂಟ್ರಿ ಫೀ ರಸೀತಿಗಳನ್ನೆಲ್ಲ ಜೋಡಿಸಿ ಕಳಿಸಿದೆ. ವೃತ್ತಿ ಅಂದ್ರೆ ದುಡ್ಡು ಬರಬೇಕು ಸ್ವಾಮಿ, ನನ್ನದು ಬರೀ ಹೋಗೋದು ಅಂತ ಬರೆದೆ. ಭುಜ ಹೋಗಿದ್ದು ರೇಸಿನಲ್ಲಿ ಅಲ್ಲ ಅನ್ನೋದಕ್ಕೂ ಹಳೇ ಎಕ್ಸ್‌ರೇ ಇತ್ತು. ಎರಡು ಮೂರು ತಿಂಗಳು ಸತಾಯಿಸಿ ಮೂರು ಲಕ್ಷ ಚಿಲ್ಲರೆ ಕೊಟ್ಟರು.

ಮೊದಲ ಆರು ವಾರ ಕೈ ಜೋಳಿಗೆಯಲ್ಲಿ. ಅದರ ಬಗ್ಗೆ ಹೇಳೋಕೆ ಏನೂ ಇಲ್ಲ, ಬೇಜಾರು ಅಷ್ಟೇ. ಆಮೇಲೆ ಫಿಸಿಯೋಗೆ ಮೈಸೂರಿಗೆ ರೈಲಿನಲ್ಲೇ ಓಡಾಡಿದೆ. ರಸ್ತೆಯ ಹಂಪ್‌ಗಳಿಗಿಂತ ರೈಲಿನ ಕುಲುಕಾಟ ವಾಸಿ, ಖರ್ಚೂ ಕಮ್ಮಿ. ಫಿಸಿಯೋಗೆ ಸಲಕ್ಕೆ ಐನೂರು. ಕೈಯನ್ನು ತಾನೇ ಎತ್ತಿ ಇಳಿಸುವ ಮೆಷಿನ್ ಒಂದನ್ನು ಒಬ್ಬರು ಬಾಡಿಗೆಗೆ ಕೊಟ್ಟರು, ದಿನಕ್ಕೆ ಹೆಚ್ಚುಕಮ್ಮಿ ಸಾವಿರ. ವಾರದಲ್ಲೇ ವಾಪಸ್ ಕಳಿಸಿದೆ. ಅದರ ಬದಲು ಹಳೇ ಮನೆಯ ಬಾವಿಯ ರಾಟೆ ತಂದು, ನಡುಮನೆಯ ತೊಟ್ಟಿಲ ಕೊಕ್ಕೆಗೆ ನೇತುಹಾಕಿದೆ. ಬೇರಿಂಗ್ ಗ್ರೀಸ್ ಹಚ್ಚಿದ ಮೇಲೆ ಕಿರುಗುಟ್ಟೋದೂ ನಿಂತಿತು. ಎಡಗೈ ಎಳೆದರೆ ಬಲಗೈ ತಾನಾಗಿ ಮೇಲೆ ಹೋಗುತ್ತೆ. ಹಗ್ಗಕ್ಕೆ ನೂರು ರೂಪಾಯಿ ಆಗಿರಬೇಕು. ಆನ್‌ಲೈನ್‌ನಲ್ಲಿ ತರಿಸಿದ ರಬ್ಬರ್ ಬ್ಯಾಂಡುಗಳು ತಿಂಗಳಿಗೇ ಕಿತ್ತುಬಂದವು. ಸೈಕಲ್ ಟ್ಯೂಬನ್ನು ಉದ್ದಕ್ಕೆ ಸೀಳಿ ಕಟ್ಟಿಕೊಂಡೆ, ಇವತ್ತಿಗೂ ಅದೇ ನಡೀತಿದೆ.

ಇಲ್ಲಿ ಒಂದು ಅಡ್ಡಮಾತು. ನಾಲ್ಕನೇ ತಿಂಗಳ ಹೊತ್ತಿಗೆ ಮನೆಯಲ್ಲಿ ಮುದ್ದೆ ತಿರುವೋಕೆ ಶುರು ಮಾಡಿದೆ. ಎರಡೂ ಕೈಯಲ್ಲಿ ಮುದ್ದೆ ಕೋಲು ಹಿಡಿದು, ಮೊಣಕೈ ಪಕ್ಕೆಗೆ ಅಂಟಿಸಿಕೊಂಡು ತಿರುವಿದರೆ ಸ್ಟಿಯರಿಂಗ್‌ಗೆ ಬೇಕಾದ ಸ್ನಾಯುಗಳೇ ಉರಿಯುತ್ತವೆ. ಮೊದಲು ಒಂದು ಪಾವು ಹಿಟ್ಟು, ಆಮೇಲೆ ಮನೆಮಂದಿಗೆಲ್ಲ ಆಗುವಷ್ಟು. ಫಿಸಿಯೋ ಹುಡುಗಿಗೆ ವಿಡಿಯೋ ತೋರಿಸಿದೆ. "ಅಂಕಲ್, ಮೊಣಕೈ ಪಕ್ಕೆ ಬಿಟ್ಟು ಹೋಗಬಾರದು ಅಷ್ಟೇ, ಮಾಡಿ" ಅಂದಳು. ಹದಿನೈದು ದಿನ ಮನೆಯವರೆಲ್ಲ ಗಂಟುಗಂಟು ಮುದ್ದೆ ಉಂಡರು.

ಈಗ ಅಸಲಿ ವಿಷಯ. "ಕೈಗೆ ಬಲ ಬಂದಿದೆಯಾ?" ಅಂತ ಎಲ್ಲರೂ ಕೇಳೋರು, ಎಷ್ಟು ಬಲ ಬೇಕು ಅಂತ ಯಾರೂ ಹೇಳೋರಲ್ಲ. ಡಾಕ್ಟರಿಗೆ ಎಸ್ಟೀಮ್ ಗೊತ್ತಿಲ್ಲ, ಗ್ಯಾರೇಜಿನವರಿಗೆ ಭುಜ ಗೊತ್ತಿಲ್ಲ. ನನ್ನ ಅಂಗಡಿಯಲ್ಲಿ ಹಳೇ ತಾಮ್ರದ ವೈರ್ ತೂಗುವ ಸ್ಪ್ರಿಂಗ್ ತಕ್ಕಡಿ ಇದೆ. ಅದರ ಕೊಕ್ಕೆಯನ್ನು ಸ್ಟಿಯರಿಂಗ್ ಚಕ್ರದ ಅಂಚಿಗೆ ಸಿಕ್ಕಿಸಿ, ಚಕ್ರ ತಿರುಗುವವರೆಗೆ ಎಳೆದು ಮುಳ್ಳು ನೋಡಿದೆ. ನನ್ನದು ಪವರ್ ಸ್ಟಿಯರಿಂಗ್ ಇಲ್ಲದ ಮಾಡೆಲ್. ಮಣ್ಣಿನ ಮೇಲೆ ನಿಂತ ಕಾರಿಗೆ ಹನ್ನೆರಡು ಕೆಜಿ ಹತ್ತಿರ ಬಂತು. ಸೆಕೆಂಡ್ ಗೇರ್‌ನಲ್ಲಿ ನಿಧಾನ ಹೋಗುವಾಗ, ಮಗನನ್ನು ಓಡಿಸೋಕೆ ಕೂರಿಸಿ ಪಕ್ಕದಿಂದ ಎಳೆದು ನೋಡಿದರೆ ಐದಾರು ಕೆಜಿ. ಅದೇ ತಕ್ಕಡಿಯನ್ನು ಗೋಡೆಯ ಕೊಕ್ಕೆಗೆ ಹಾಕಿ ನನ್ನ ಕೈ ಅಳೆದೆ. ಮೂರನೇ ತಿಂಗಳಲ್ಲಿ ಕೆಳಕ್ಕೆ ಎಳೆದರೆ ಮೂರು ಕೆಜಿ, ಹೊರಕ್ಕೆ ತಿರುಗಿಸಿದರೆ ಒಂದು ಕೆಜಿಯೂ ಇಲ್ಲ. ಎಡಗೈ ಹದಿನಾಲ್ಕು ಎಳೆಯುತ್ತಿತ್ತು.

ಲೆಕ್ಕ ಅಲ್ಲೇ ಸಿಕ್ಕಿತು. ಕಾರು ಕೇಳುವುದು ಕೈ ಕೊಡುವುದರ ಅರ್ಧಕ್ಕಿಂತ ಕಮ್ಮಿ ಇರಬೇಕು. ಅಲ್ಲಿಯವರೆಗೆ ಹೆಲ್ಮೆಟ್ ಮುಟ್ಟಲ್ಲ ಅಂತ ನಿರ್ಧಾರ ಮಾಡಿದೆ. ಪ್ರತಿ ಭಾನುವಾರ ಬೆಳಿಗ್ಗೆ ತೂಗಿ ಕ್ಯಾಲೆಂಡರ್ ಮೇಲೆ ಬರೆದೆ. ಒಂದು ವರ್ಷಕ್ಕೆ ಕೆಳಕ್ಕೆ ಒಂಬತ್ತು, ಹೊರಕ್ಕೆ ನಾಲ್ಕು ಬಂತು. ಅಲ್ಲಿಗೇ ನಿಂತಿತು, ಎಷ್ಟು ಗುದ್ದಾಡಿದರೂ ಏರಲಿಲ್ಲ. ಹಾಗಾಗಿ ಉಳಿದ ಕೆಲಸ ಕಾರಿನ ಕಡೆಯಿಂದಲೇ ಆಗಬೇಕಾಯಿತು.

ಅದಕ್ಕೂ ಮುಂಚೆ ಸಿಮ್ಯುಲೇಟರ್, ಅಂದರೆ ಕಂಪ್ಯೂಟರ್ ಮುಂದೆ ಕೂತು ಓಡಿಸೋದು. ಸೆಕೆಂಡ್ ಹ್ಯಾಂಡ್ ಲಾಜಿಟೆಕ್ ಜಿ29 ಸ್ಟಿಯರಿಂಗ್ ಚಕ್ರ, ಹದಿನಾಲ್ಕು ಸಾವಿರ ಇರಬಹುದು. ಊಟದ ಮೇಜಿಗೆ ಕಟ್ಟಿ ನೋಡಿದಾಗ ಚಕ್ರ ಎತ್ತರವಾಗಿ ಭುಜ ಕಿವಿಗೆ ಏರುತ್ತಿತ್ತು, ಸಂಜೆಗೆ ಕತ್ತು ಹಿಡಿಯುತ್ತಿತ್ತು. ಎಸ್ಟೀಮ್‌ನ ಸೀಟನ್ನೇ ಬಿಚ್ಚಿ ತಂದು ನೆಲಕ್ಕೆ ಕೂರಿಸಿದ ಮೇಲೆ ಸರಿಹೋಯಿತು. ಚಕ್ರ ನಿಜವಾದ ಕಾರಿನಂತೆ ಕೈಗೆ ಎದುರೊತ್ತುವ ಫೋರ್ಸ್ ಫೀಡ್‌ಬ್ಯಾಕನ್ನು ಹತ್ತು ಪರ್ಸೆಂಟಿಗೆ ಇಟ್ಟು ಶುರು ಮಾಡಿ, ನೋವಿಲ್ಲದೆ ಒಂದು ವಾರ ಕಳೆದರೆ ಸ್ವಲ್ಪ ಏರಿಸೋದು. ರಾತ್ರಿ ಭುಜ ಮಿಡಿದರೆ ಒಂದು ಮೆಟ್ಟಿಲು ಇಳಿಸೋದು. ರಬ್ಬರ್ ಬ್ಯಾಂಡ್ ಕೊಡದ ಒಂದು ಅಭ್ಯಾಸ ಇದರಲ್ಲಿದೆ: ಚಕ್ರ ಇದ್ದಕ್ಕಿದ್ದಂತೆ ಒದ್ದಾಗ ಗಟ್ಟಿ ಹಿಡಿಯದೆ ಬಿಟ್ಟುಕೊಡೋದು.

ಕಾರಿಗೆ ಮೊದಲು ಕ್ವಿಕ್ ರ‍್ಯಾಕ್ ಹಾಕಿಸಿದೆ. ಅಂದರೆ ಸ್ಟಿಯರಿಂಗ್ ಕಮ್ಮಿ ಸುತ್ತಿದರೂ ಕಾರಿನ ಚಕ್ರವನ್ನು ಅಷ್ಟೇ ತಿರುಗಿಸುವ ಹಲ್ಲುಪಟ್ಟಿ. ಸುತ್ತು ಕಮ್ಮಿಯಾದರೆ ಭುಜಕ್ಕೆ ಕೆಲಸ ಕಮ್ಮಿ ಅಂತ. ಸುತ್ತು ಕಮ್ಮಿಯಾಯಿತು, ಭಾರ ಏರಿತು. ಹದಿನೆಂಟು ಸಾವಿರ ನೀರಿಗೆ ಬಿತ್ತು. ಚಿಕ್ಕ ಸ್ಟಿಯರಿಂಗ್ ಚಕ್ರವೂ ಅದೇ ಕಥೆ, ಮತ್ತೆ 350 ಮಿಲಿಮೀಟರಿಗೇ ಬಂದೆ. ಕೊನೆಗೆ ಬೆಂಗಳೂರಿನ ಶಿವಾಜಿನಗರದ ಗುಜರಿಯಿಂದ ವ್ಯಾಗನ್ಆರ್‌ನ ಎಲೆಕ್ಟ್ರಿಕ್ ಪವರ್ ಸ್ಟಿಯರಿಂಗ್ ಕಾಲಂ ತಂದೆ, ಕಂಟ್ರೋಲರ್ ಸಮೇತ ಒಂಬತ್ತು ಸಾವಿರ. ಶಾಫ್ಟನ್ನು ಲೇತ್‌ನಲ್ಲಿ ಮಾಡಿಸಿ, ಹಲ್ಲಿಗೆ ಹಲ್ಲು ಕೂರುವ ಸ್ಪ್ಲೈನ್ ಜಾಯಿಂಟ್ ಹಾಕಿ ಬೋಲ್ಟ್ ಮಾಡಿಸಿದೆ. ಸ್ಟಿಯರಿಂಗ್ ಶಾಫ್ಟಿಗೆ ವೆಲ್ಡಿಂಗ್ ಮಾತ್ರ ಬೇಡ, ಯಾರು ಏನೇ ಹೇಳಲಿ.

ಕೂರಿಸಿದ ತಕ್ಷಣ ಕೆಲಸ ಮಾಡಲಿಲ್ಲ. ಆಲೆಮನೆ ಹಿಂದಿನ ಬಯಲಿನಲ್ಲಿ ಓಡಿಸಿದಾಗ, ನಿಧಾನದ ತಿರುವಿನಲ್ಲಿ ಇದ್ದಕ್ಕಿದ್ದಂತೆ ಪವರ್ ಹೋಗಿ ಚಕ್ರ ಕಲ್ಲಾಗುತ್ತಿತ್ತು. ಎಲ್ಲರೂ ಕಂಟ್ರೋಲರ್ ಸತ್ತಿದೆ ಅಂದರು. ಮೀಟರ್ ಹಿಡಿದು ನೋಡಿದರೆ ವೋಲ್ಟೇಜ್ ಬೀಳುತ್ತಿತ್ತು. ಐಡ್ಲಿಂಗ್‌ನಲ್ಲಿ ಹಳೇ ಆಲ್ಟರ್ನೇಟರಿಗೆ ಅಷ್ಟು ಕರೆಂಟ್ ಕೊಡೋಕೆ ಆಗುತ್ತಿರಲಿಲ್ಲ. ಮೂವತ್ತು ವರ್ಷ ಮೋಟಾರ್ ಕಟ್ಟಿದವನಿಗೆ ಇದೊಂದು ದೊಡ್ಡದಾ? ದೊಡ್ಡ ಆಲ್ಟರ್ನೇಟರ್, ಬ್ಯಾಟರಿಯಿಂದ ನೇರ ದಪ್ಪ ಕೇಬಲ್, ಅರ್ಥಿಂಗ್ ಹೊಸದು. ಸರಿಹೋಯಿತು. ಕಂಟ್ರೋಲರಿಗೆ ಸ್ಪೀಡ್ ಸಿಗ್ನಲ್ ಹೇಗೆ ಕೊಟ್ಟೆ ಅನ್ನೋದು ನನ್ನ ಹತ್ತಿರವೇ ಇರಲಿ. ಅಂಗಡಿಗೆ ಬಂದರೆ ಕಾಫಿ ಕೊಡ್ತೀನಿ, ಅದನ್ನು ಮಾತ್ರ ಕೇಳಬೇಡಿ.

ಈಗ ತಕ್ಕಡಿಯಲ್ಲಿ ಎರಡು ಕೆಜಿ ಆಸುಪಾಸು. ಪವರ್ ಕೈಕೊಟ್ಟರೂ ಓಡುವ ಕಾರಿನ ಐದಾರು ಕೆಜಿಯನ್ನು ಒಂದು ತಿರುವಿನ ಮಟ್ಟಿಗೆ ಕೈ ತಡೆಯುತ್ತದೆ. ಫ್ಯೂಸ್ ಕಿತ್ತು ಪರೀಕ್ಷೆ ಮಾಡಿದ್ದೇನೆ. ಚಕ್ರವನ್ನು ಸ್ಪೇಸರ್ ಹಾಕಿ ಎರಡು ಇಂಚು ಹತ್ತಿರಕ್ಕೆ, ಸ್ವಲ್ಪ ಕೆಳಕ್ಕೆ ತಂದೆ. ಚಕ್ರವನ್ನು ಗಡಿಯಾರ ಅಂದುಕೊಂಡರೆ ಬಲಗೈ ಮೂರು ಗಂಟೆಯ ಜಾಗಕ್ಕಿಂತ ಮೇಲೆ ಹೋಗಲ್ಲ. ಗೇರ್ ಬದಲಾಯಿಸೋದು ನೇರದಲ್ಲಿ ಮಾತ್ರ, ಉಳಿದದ್ದೆಲ್ಲ ಸೆಕೆಂಡ್ ಗೇರ್‌ನಲ್ಲೇ. ಆಟೋಕ್ರಾಸ್‌ಗೆ ಅಷ್ಟು ಸಾಕು.

ಬೆಲ್ಟ್ ಬಹಳ ಕಾಡಿತು. ಹೊಲಿಗೆ ಉರಿಯುತ್ತೆ ಅಂತ ಪಟ್ಟಿಯ ಕೆಳಗೆ ಸ್ಪಂಜು ಇಟ್ಟು ಹೊಲಿಸಿದ್ದೆ. ಸ್ಪಂಜು ಅದುಮಿದರೆ ಪಟ್ಟಿ ಸಡಿಲ. ಸ್ಪರ್ಧೆಗೆ ಮುಂಚೆ ಕಾರು ತಪಾಸಣೆ ಮಾಡುವ ಸ್ಕ್ರೂಟಿನಿಯರ್ ನೋಡಿದ ಕೂಡಲೇ ತೆಗೆಸಿದರು, ಸರಿಯಾಗೇ ಮಾಡಿದರು. ಕತ್ತು ಕಾಯೋಕೆ ಭುಜದ ಮೇಲೆ ಕೂರುವ ಹ್ಯಾನ್ಸ್ ಅನ್ನುವ ಸಾಧನ ಹಾಕಿಕೊಂಡಾಗ ಪಟ್ಟಿ ಅದರ ಮೇಲೆ ಕೂರುತ್ತೆ, ಹೊಲಿಗೆಗೆ ತಾಗಲ್ಲ. ಕತ್ತಿಗೆ ಅಂತ ತಂದದ್ದು ಭುಜಕ್ಕೂ ಆಯಿತು. ಹಳೇದು, ಇಪ್ಪತ್ತು ಸಾವಿರದ ಒಳಗೆ ಸಿಕ್ಕಿತು.

ಎಲ್ಲಕ್ಕಿಂತ ಜಾಸ್ತಿ ಅಭ್ಯಾಸ ಮಾಡಿದ್ದು ಕಾರಿನಿಂದ ಇಳಿಯೋದನ್ನು. ನಾವೆಲ್ಲ ಸಾಮಾನ್ಯವಾಗಿ ಬಲಗೈಯನ್ನು ಹಿಂದಕ್ಕೆ ಸೀಟಿಗೆ ಊರಿ ಮೈ ಎತ್ತುತ್ತೇವೆ. ರಿವರ್ಸ್ ಭುಜ ತಪ್ಪೋಕೆ ಅದಕ್ಕಿಂತ ಒಳ್ಳೇ ಭಂಗಿ ಬೇರೆ ಇಲ್ಲ. ಈಗ ಸ್ಟಿಯರಿಂಗ್ ಚಕ್ರ ಕಿತ್ತಿಟ್ಟು, ಎಡಗೈಯಲ್ಲಿ ಕೇಜಿನ ಮುಂದಿನ ಪೈಪ್ ಹಿಡಿದು, ಬಲಗೈ ಎದೆಗೆ ಅಂಟಿಸಿ, ಕಾಲು ಮೊದಲು ಹೊರಗೆ. ಹತ್ತು ಸೆಕೆಂಡಿನ ಆಸುಪಾಸು. ಹೆಲ್ಮೆಟ್ ಹಾಕೋದು ಕೂತು, ಮುಂದಕ್ಕೆ ಬಗ್ಗಿ, ಮೊಣಕೈ ಮಂಡಿಗೆ ಊರಿ.

ಇಷ್ಟೆಲ್ಲ ಆದ ಮೇಲೆ ಕ್ಯಾಲೆಂಡರ್ ಹಾಳೆಗಳನ್ನೂ ಇಳಿಯುವ ವಿಡಿಯೋವನ್ನೂ ಡಾಕ್ಟರ ಮುಂದಿಟ್ಟೆ. ಎಕ್ಸ್‌ರೇ ತೆಗೆಸಿ, ಸ್ಕ್ರೂಗಳು ಅಲುಗಿಲ್ಲ ಅಂತ ಖಾತ್ರಿ ಮಾಡಿಕೊಂಡು, ದೇಶದ ಮೋಟಾರ್ ಸ್ಪೋರ್ಟ್ಸ್ ಒಕ್ಕೂಟವಾದ ಎಫ್‌ಎಂಎಸ್‌ಸಿಐ ಲೈಸೆನ್ಸಿನ ಮೆಡಿಕಲ್ ಫಾರಂಗೆ ಸಹಿ ಹಾಕಿದರು. ರ‍್ಯಾಲಿ ಬೇಡ, ಉರುಳಿಬಿದ್ದರೆ ಇಂಪ್ಲಾಂಟ್ ಕೆಳಗಿನ ಮೂಳೆ ಮುರಿಯುತ್ತೆ ಅಂದರು. ಬಲಗೈಯಲ್ಲಿ ಹತ್ತು ಕೆಜಿ ಮೇಲೆ ಎತ್ತೋದೂ ಬೇಡ, ವರ್ಷಕ್ಕೊಂದು ಎಕ್ಸ್‌ರೇ ತಪ್ಪಬಾರದು. ಅಂಗಡಿಯಲ್ಲಿ ಮೋಟಾರ್ ಎತ್ತೋದು ಈಗ ಹುಡುಗರು ಮತ್ತು ಚೈನ್ ಬ್ಲಾಕ್.

ಪವರ್ ಸ್ಟಿಯರಿಂಗ್ ಹಾಕಿಸಿದ್ದಕ್ಕೆ ನನ್ನನ್ನು ಎಂಥ ಕಾರಾದರೂ ಬರಬಹುದಾದ ಓಪನ್ ಕ್ಲಾಸಿಗೆ ತಳ್ಳಿದರು. ಅಲ್ಲಿ ಪೋಲೋ ಕಾರು ತಂದ ಹುಡುಗರ ಮುಂದೆ ನಾನು ನಡುವಿನಲ್ಲೆಲ್ಲೋ. ಆದರೆ ಸರ್ಜರಿಗೆ ಮುಂಚಿನ ನನ್ನ ಟೈಮಿಂಗ್‌ಗಿಂತ ಚೆನ್ನಾಗಿ ಬಂತು. ಆ ನೋವಿನ ಭುಜದಲ್ಲಿ ಅಷ್ಟು ವರ್ಷ ಹೇಗೆ ಓಡಿಸಿದೆನೋ! ಕಾರಿಗೆ ಆದ ಖರ್ಚು ಎಲ್ಲ ಸೇರಿ ಒಂದು ಲಕ್ಷದ ಹತ್ತಿರ, ಮನೆಯಲ್ಲಿ ಹೇಳಿರೋದು ಅರವತ್ತು ಸಾವಿರ.

ಆ ಕ್ವಿಕ್ ರ‍್ಯಾಕ್ ಅಂಗಡಿಯಲ್ಲೇ ಇದೆ, ಒಂದು ತಿಂಗಳೂ ಓಡಿಲ್ಲ. ಭುಜ ಗಟ್ಟಿ ಇರುವವರು ಬಂದು ನೋಡಬಹುದು, ಒಂಬತ್ತು ಸಾವಿರಕ್ಕೆ ಕೊಡ್ತೀನಿ.