ಕೋವಿಡ್ ರೋಗಿಯ ಬಾಯಿಹುಣ್ಣು: ಮನೆಯವರು ಮಾಡಬೇಕಾದ್ದೇನು?

ಕೋವಿಡ್ ಬಂದವರ ಮನೆಯಲ್ಲಿ ಜ್ವರ ನೋಡುತ್ತಾರೆ, ಬೆರಳಿಗೆ ಆಕ್ಸಿಮೀಟರ್ ಹಾಕುತ್ತಾರೆ. ಬಾಯಿ ತೆಗೆಸಿ ನೋಡುವವರು ಕಡಿಮೆ. ಊಟ ಬಿಟ್ಟರೆ ‘ರುಚಿ ಹೋಗಿದೆ’, ಹುಣ್ಣಾದರೆ ‘ಉಷ್ಣ’ ಎಂದುಕೊಂಡು ಸುಮ್ಮನಾಗುತ್ತೇವೆ. ಆದರೆ ಕೊರೊನಾ ವೈರಸ್ ಜೀವಕೋಶದೊಳಗೆ ನುಗ್ಗಲು ಬಳಸುವ ಎಸಿಇ-2 ಗ್ರಾಹಕಗಳು (ಜೀವಕೋಶದ ಮೇಲಿನ ಒಂದು ಬಗೆಯ ಪ್ರೋಟೀನ್) ನಾಲಿಗೆಯಲ್ಲೂ ಜೊಲ್ಲುಗ್ರಂಥಿಗಳಲ್ಲೂ ಇವೆ. ಜೊತೆಗೆ ಮೂಗು ಕಟ್ಟಿ ಬಾಯಲ್ಲೇ ಉಸಿರಾಟ, ಸಾಲದ ನೀರು, ಹಲ್ಲುಜ್ಜಲೂ ಆಗದ ಸುಸ್ತು. ಬಾಯಿ ಒಣಗಿ ಹುಣ್ಣಾಗಲು ಇಷ್ಟು ಸಾಕು.

ಮೊದಲು ದಿನಕ್ಕೊಮ್ಮೆ ನೋಡಿ. ಕೈ ತೊಳೆದು, ಮಾಸ್ಕ್ ಹಾಕಿಕೊಂಡು, ಟಾರ್ಚ್ ಬೆಳಕು ಬಿಟ್ಟು ತುಟಿಯ ಒಳಭಾಗ, ನಾಲಿಗೆಯ ಅಂಚು ಮತ್ತು ಅಡಿ, ಅಂಗುಳ ನೋಡಿ. ಹಲ್ಲಿನ ಸೆಟ್ ಇದ್ದರೆ ತೆಗೆಸಿ. ನಡುವೆ ಹಳದಿ ಮಿಶ್ರಿತ ಬಿಳುಪು, ಸುತ್ತ ಕೆಂಪಂಚು ಇರುವ ಸಣ್ಣ ಹುಣ್ಣು ಸಾಮಾನ್ಯವಾಗಿ ಒಂದೆರಡು ವಾರದಲ್ಲಿ ತಾನೇ ಮಾಯುತ್ತದೆ. ಮೊಸರಿನ ಕೆನೆಯಂಥ ಬಿಳಿ ಪದರವಿದ್ದು, ಒರೆಸಿದರೆ ಎದ್ದು ಬಂದು ಕೆಳಗೆ ಕೆಂಪು ಕಂಡರೆ ಅದು ಬಹುಶಃ ಶಿಲೀಂಧ್ರದ (ಫಂಗಸ್) ಸೋಂಕು. ರೋಗನಿರೋಧಕ ಶಕ್ತಿ ತಗ್ಗಿಸುವ ಸ್ಟೀರಾಯ್ಡ್ ಔಷಧ ತೆಗೆದುಕೊಂಡವರಲ್ಲಿ, ಸಕ್ಕರೆ ಕಾಯಿಲೆಯವರಲ್ಲಿ ಇದು ಹೆಚ್ಚು. ಇದಕ್ಕೆ ಔಷಧ ಅಂಗಡಿಯಿಂದ ಕೇಳಿ ತಂದ ಹುಣ್ಣಿನ ಮುಲಾಮು ಹಚ್ಚಲೇಬೇಡಿ. ಅಂಥ ಕೆಲವು ಮುಲಾಮುಗಳಲ್ಲೂ ಸ್ಟೀರಾಯ್ಡ್ ಇರುತ್ತದೆ, ಶಿಲೀಂಧ್ರ ಇನ್ನೂ ಹಬ್ಬುತ್ತದೆ. ವೈದ್ಯರಿಗೆ ತೋರಿಸಿ.

ಎರಡನೆಯದು ಸ್ವಚ್ಛತೆ. ಮೆತ್ತನೆಯ ಬ್ರಷ್‌ನಲ್ಲಿ ದಿನಕ್ಕೆರಡು ಸಲ ಉಜ್ಜಬೇಕು. ಪೇಸ್ಟ್ ಉರಿದರೆ ಬರೀ ನೀರಾದರೂ ಸರಿ. ಒಂದು ಲೋಟ ಉಗುರುಬೆಚ್ಚಗಿನ ನೀರಿಗೆ ಅರ್ಧ ಚಮಚ ಉಪ್ಪು ಹಾಕಿ ದಿನಕ್ಕೆ ಮೂರು-ನಾಲ್ಕು ಸಲ ಮುಕ್ಕಳಿಸಿ ಉಗುಳಲಿ. ಇದರಿಂದ ಕೋವಿಡ್ ವಾಸಿಯಾಗದು, ಬಾಯಿಗೆ ಹಿತವಾಗುತ್ತದೆ. ಆಲ್ಕೋಹಾಲ್ ಇರುವ ಮೌತ್‌ವಾಶ್ ಬೇಡ. ಸ್ಟೀರಾಯ್ಡ್ ಇನ್‌ಹೇಲರ್ ಎಳೆದಾಗಲೆಲ್ಲ ಬಾಯಿ ಮುಕ್ಕಳಿಸಲೇಬೇಕು. ಸೆಟ್ ರಾತ್ರಿ ನೀರಿನಲ್ಲಿರಲಿ. ರೋಗಿಯ ಬ್ರಷ್ ಎಲ್ಲರ ಬ್ರಷ್ ಇರುವ ಲೋಟದಲ್ಲಿ ಬೇಡ. ಪ್ರಜ್ಞೆ ಮಸುಕಾದವರ ಬಾಯಿಗೆ ನೀರು ಹಾಕಬಾರದು; ಶ್ವಾಸನಾಳಕ್ಕೆ ಹೋದೀತು.

ಊಟದ್ದೇ ದೊಡ್ಡ ಚಿಂತೆ. ಆರಿದ ಗಂಜಿ, ರಾಗಿ ಅಂಬಲಿ, ಮೊಸರನ್ನ, ಬೇಳೆಕಟ್ಟು ಸ್ವಲ್ಪ ಸ್ವಲ್ಪವೇ ಕೊಡಿ. ಉಪ್ಪಿನಕಾಯಿ, ಹುಳಿ, ಖಾರ ದೂರವಿರಲಿ. ಶುಂಠಿ-ಮೆಣಸಿನ ಕಷಾಯವನ್ನು ಕುದಿಕುದಿಯಾಗಿ ದಿನಕ್ಕೆ ನಾಲ್ಕು ಸಲ ಕುಡಿಸುವುದು ಪ್ರೀತಿಯಿಂದಲೇ, ಆದರೆ ಹುಣ್ಣಾದ ಬಾಯಿ ಅದರಿಂದ ಬೆಂದುಹೋಗುತ್ತದೆ. ದಯವಿಟ್ಟು ನಿಲ್ಲಿಸಿ. ಒಡೆದ ತುಟಿಗೆ ತುಪ್ಪ ಹಚ್ಚಬಹುದು; ಆಕ್ಸಿಜನ್ ಹಾಕಿಕೊಂಡವರಿಗೆ ಮಾತ್ರ ಎಣ್ಣೆ, ತುಪ್ಪ, ವ್ಯಾಸಲಿನ್ ಬೇಡ, ಬೆಂಕಿಯ ಅಪಾಯವಿದೆ.

2021ರ ಎರಡನೇ ಅಲೆಯಲ್ಲಿ ಕಪ್ಪು ಶಿಲೀಂಧ್ರ (ಬ್ಲ್ಯಾಕ್ ಫಂಗಸ್) ನಮ್ಮ ರಾಜ್ಯದಲ್ಲೂ ಎಷ್ಟೋ ಜನರ ಕಣ್ಣು, ದವಡೆ ಕಿತ್ತುಕೊಂಡಿತು. ಅಂಗುಳ ಕಪ್ಪಾಗುವುದು, ಗಟ್ಟಿ ಹಲ್ಲು ಇದ್ದಕ್ಕಿದ್ದಂತೆ ಅಲ್ಲಾಡುವುದು, ಮುಖದ ಒಂದು ಬದಿ ನೋವು, ಊತ ಅಥವಾ ಜೋಮು – ಇವುಗಳಲ್ಲಿ ಒಂದು ಕಂಡರೂ ಅಂದೇ ಆಸ್ಪತ್ರೆಗೆ ಹೋಗಿ, ಕೋವಿಡ್ ವಾಸಿಯಾಗಿ ವಾರಗಳಾಗಿದ್ದರೂ ಸರಿ. ಎರಡು ವಾರ ಕಳೆದರೂ ಮಾಯದ ಹುಣ್ಣನ್ನು ದಂತವೈದ್ಯರಿಗೆ ತೋರಿಸಿ. ಎಲೆಅಡಿಕೆ, ಹೊಗೆಸೊಪ್ಪು, ಗುಟ್ಕಾ ಅಭ್ಯಾಸವಿದ್ದವರಂತೂ ಕೊರೊನಾದ್ದೇ ಇರಬೇಕೆಂದು ಕಾಯಬೇಡಿ. ಅಂಥ ಹುಣ್ಣು ಕ್ಯಾನ್ಸರ್ ಅಲ್ಲವೆಂದು ಖಚಿತಪಡಿಸಿಕೊಳ್ಳಬೇಕು.